ಕೊಡ ತುಂಬುವವರೆಗಿನ ಪಾಠ

“ನಮ್ಮ ಮಂದ್ಯಾಗ ಡಿಗ್ರಿ ಯಾರು ಮಾಡ್ಯಾರ? ಆಗೂದಲ್ಲ ಬಿಡು” ಎಂದವನು ನಮ್ಮ ಸೋದರಮಾವ. ಮೊನ್ನೆ ಚಂದಾಪುರದ ನಮ್ಮ ಬೀದಿಗೆ ನೀರು ಬಂತು. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಕೊಡದಿಂದ ಆ ಹಳೆಯ ವಾಸನೆ ಎದ್ದಾಗ ಮಾವನ ಮಾತು ನೆನಪಾಯಿತು. ಅದರ ಹಿಂದೆಯೇ, ಆಗ ಪಕ್ಕದ ಮನೆಯಲ್ಲಿದ್ದ ಅಕ್ಕನೂ ನೆನಪಾದರು...

ವರ್ಷಗಳ ಹಿಂದೆ ಕೊಪ್ಪಳದ ಕಡೆಯಿಂದ ನನ್ನನ್ನೂ ಅವ್ವನನ್ನೂ ಇಲ್ಲಿಗೆ ಕರೆತಂದು, ವಠಾರದಲ್ಲಿ ಕೋಣೆ ಹಿಡಿದುಕೊಟ್ಟವನು ಮಾವನೇ. ಹಾಗಾಗಿ ಅವನ ಮಾತೇ ಮಾತು. ನಾನು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತ ದೂರಶಿಕ್ಷಣದಲ್ಲಿ ಬಿ.ಕಾಂ. ಓದುತ್ತಿದ್ದೆ. ಉಳಿದದ್ದೆಲ್ಲ ಪಾಸು, ವ್ಯವಹಾರ ಕಾನೂನು ಮಾತ್ರ ಎರಡು ಸಲ ಹೋಗಿತ್ತು. ಈ ಸಲವೂ ಹೋದರೆ ಓದು ಸಾಕು, ಊರಿಗೆ ಕಳಿಸಿ ಲಗ್ನ ಮಾಡುವುದು ಎಂದು ಮಾವ ತೀರ್ಮಾನಿಸಿಬಿಟ್ಟಿದ್ದ.

ನಾನು ಓದದವಳಲ್ಲ. ಓದಿ ಓದಿ ಹಾಳೆ ಮೆತ್ತಗಾಗಿತ್ತು. ಯಾವ ಪುಟದ ಯಾವ ಮೂಲೆಯಲ್ಲಿ ಏನಿದೆ ಎಂದು ಕಣ್ಣಿಗೆ ಗೊತ್ತು. ಪರೀಕ್ಷೆಗೆ ಕೂತರೆ ಮೂಲೆ ನೆನಪಾಗುತ್ತಿತ್ತು, ಅಲ್ಲಿದ್ದ ಮಾತು ಬರುತ್ತಿರಲಿಲ್ಲ. ನನ್ನ ತಲೆಯೇ ಸರಿಯಿಲ್ಲ ಎಂದು ನಾನೂ ನಂಬಿಬಿಟ್ಟಿದ್ದೆ.

ಒಂದು ದಿನ ನಲ್ಲಿಯ ಸಾಲಿನಲ್ಲಿ ಪುಸ್ತಕ ಹಿಡಿದು ಅಳುತ್ತಿದ್ದಾಗ ಅಕ್ಕ ಅದನ್ನು ಕಿತ್ತುಕೊಂಡರು. ಮನಸ್ಸು ಹೇಗೆ ಕಲಿಯುತ್ತದೆ, ಹೇಗೆ ಮರೆಯುತ್ತದೆ ಎಂಬುದನ್ನೇ ಕಾಲೇಜಿನಲ್ಲಿ ಓದಿದವರು ಅವರು. ಹತ್ತಿರದಲ್ಲಿ ತಗಡು ಒತ್ತುವ ಪ್ರೆಸ್ ಕಾರ್ಖಾನೆಯೊಂದರಲ್ಲಿ ಕೆಲಸಗಾರರಿಗೆ ಸುರಕ್ಷತೆಯ ತರಬೇತಿ ಕೊಡುತ್ತಿದ್ದರು.

“ಕಾಲರ್ ಹೊಲಿಯೋದನ್ನ ನೋಡಿ ನೋಡಿ ಕಲಿತ್ಯಾ?”

“ಇಲ್ರಿ ಅಕ್ಕಾ. ಹೊಲದು, ಬಿಚ್ಚಿ, ಮತ್ತ ಹೊಲದು.”

“ಹಂಗಾದ್ರೆ ಇದನ್ನ ಯಾಕೆ ನೋಡ್ತಾನೇ ಕೂತಿದ್ದೀಯ? ಮುಚ್ಚಿ ಹೇಳು.”

ಅಂದಿನಿಂದ ಕೊಡಕ್ಕೊಂದು ಪ್ರಶ್ನೆ. ಕೊಡ ತುಂಬುವುದರೊಳಗೆ ಉತ್ತರ ಹೇಳಬೇಕು. ತಡವರಿಸಿದರೆ ಅಕ್ಕ ಹೇಳಿಕೊಡುತ್ತಿರಲಿಲ್ಲ. “ತಡಕಾಡ್ತೀಯಲ್ಲ, ಅದೇ ಓದು ಕಣೆ.” ಕೊಡ ತುಂಬಿದ ಮೇಲಷ್ಟೇ ಪುಸ್ತಕ ತೆರೆದು ತಪ್ಪು ತೋರಿಸುತ್ತಿದ್ದರು. ನೀರು ಬರುತ್ತಿದ್ದುದು ಮೂರು ನಾಲ್ಕು ದಿನಕ್ಕೊಮ್ಮೆ. ಅಷ್ಟರಲ್ಲಿ ಅರ್ಧ ಮರೆತಿರುತ್ತಿದ್ದೆ. ದಿನಾ ಕೇಳಿ ಎಂದು ಬೇಡಿಕೊಂಡೆ.

“ಸ್ವಲ್ಪ ಮರೀಬೇಕು. ಮರೆತದ್ದನ್ನ ಎಳ್ಕೊಂಡ್ರೇನೆ ಗಟ್ಟಿಯಾಗೋದು. ನೀರು ಬಿಡೋನು ನಿಂಗೆ ಒಳ್ಳೆ ಟೈಂಟೇಬಲ್ ಹಾಕಿದ್ದಾನೆ” ಎಂದು ನಕ್ಕರು.

ಸಾಲಿನಲ್ಲಿ ಹಿಂದಿದ್ದ ಹೆಂಗಸೊಬ್ಬಳು, “ಕಾನೂನು ಕಲ್ತು ಮೊದ್ಲು ಅವನ ಮೇಲೇ ಕೇಸ್ ಹಾಕೇ, ಪುಣ್ಯ ಬರುತ್ತೆ” ಅಂದಳು. ಹೊಸ್ತಿಲಲ್ಲಿ ಕೂತ ಅವ್ವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ನಲ್ಲಿಯ ಹತ್ತಿರ ನಡೆದದ್ದು ಕಾರ್ಖಾನೆಯಲ್ಲಿ ನಡೆಯಲಿಲ್ಲ. ವರ್ಷಕ್ಕೊಮ್ಮೆ ಇಡೀ ದಿನ ಪಾಠ ಹೇಳಿದರೆ ಯಾರಿಗೂ ಉಳಿಯುವುದಿಲ್ಲ, ಆಗಾಗ ಮೆಷಿನ್ ಪಕ್ಕದಲ್ಲೇ ಎರಡು ಪ್ರಶ್ನೆ ಕೇಳೋಣ ಎಂದು ಅಕ್ಕ ಅಂಗಲಾಚಿದ್ದರಂತೆ. ಕೆಲಸ ನಿಲ್ಲುತ್ತದೆ ಎಂದು ಮೇಲಿನವರು ಒಪ್ಪಲಿಲ್ಲ. ಆಮೇಲೆ ಮೆಷಿನ್ನಿಗೆ ಸಿಕ್ಕಿ ಒಬ್ಬ ಕೆಲಸಗಾರನ ಬೆರಳುಗಳು ಹೋದವು. ಅವತ್ತು ಅಕ್ಕ ಕೊಡ ಹಿಡಿದು ಬಂದರು, ಪ್ರಶ್ನೆ ಕೇಳಲಿಲ್ಲ. “ತರಬೇತೀಲಿ ಎಲ್ಲದಕ್ಕೂ ತಲೆ ಆಡಿಸಿದ್ದ ಕಣೆ...” ಎಂದಷ್ಟೇ ಹೇಳಿದರು. ಕೊಡ ತುಂಬಿ ಹರಿಯುತ್ತಿತ್ತು.

ಪರೀಕ್ಷೆಯ ದಿನ ಮೊದಲ ಪ್ರಶ್ನೆಯನ್ನೇ ಮೂರು ಸಲ ಓದಿದೆ. ಪುಟದ ಮೂಲೆ ಕೂಡ ನೆನಪಿಗೆ ಬರಲಿಲ್ಲ. ಊರಿನ ಬಸ್ಸು ಕಣ್ಣೆದುರು ಬಂದು ನಿಂತಿತು. ಕಣ್ಣು ಮುಚ್ಚಿ ತಡಕಾಡಿದೆ... ನಲ್ಲಿಯ ಸದ್ದು, ಅಕ್ಕನ ಧ್ವನಿ, ಆಮೇಲೆ ನಿಧಾನವಾಗಿ ಉತ್ತರ.

ಪಾಸಾದೆ. ಮಾವ ಊರಿನ ಮಾತು ಮತ್ತೆ ಎತ್ತಲಿಲ್ಲ. ಆದರೆ ಫಲಿತಾಂಶ ಬರುವ ಮೊದಲೇ ಅಕ್ಕ ಕಾರ್ಖಾನೆಯನ್ನೂ ವಠಾರವನ್ನೂ ಬಿಟ್ಟು ಹೋಗಿದ್ದರು. ಕೊಟ್ಟುಹೋದ ನಂಬರಿಗೆ ಎಷ್ಟು ಸಲ ಫೋನ್ ಮಾಡಿದರೂ ಅದು ಬಳಕೆಯಲ್ಲಿಲ್ಲ ಎಂಬುದೇ ಉತ್ತರ. ನಾನು ಪಾಸಾದದ್ದು ಅವರಿಗೆ ಗೊತ್ತೇ ಇಲ್ಲ. ನಿಮ್ಮ ಪಾಠ ಒಂದು ಕಡೆಯಾದರೂ ಉಳಿಯಿತು ಎಂದು ಹೇಳಬೇಕಿತ್ತು...

ತೋರಿಸಬೇಕಾದವರೇ ಇಲ್ಲದೆ, ಸರ್ಟಿಫಿಕೇಟ್ ತರಲು ಇಷ್ಟು ವರ್ಷ ಮನಸ್ಸಾಗಿರಲಿಲ್ಲ. ಮೊನ್ನೆ ಆ ವಾಸನೆ ಎದ್ದ ಮೇಲೆ ಹೋಗಿ ತೆಗೆದುಕೊಂಡು ಬಂದೆ. ಅಂದು ಮತ್ತೆ ನೀರು ಬಂದಿತ್ತು, ಅವ್ವ ಹಿಡಿಯುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಅಕ್ಷರ ಬಾರದ ಅವಳು ತುಸು ಹೊತ್ತು ನೋಡಿ, ಎದೆಗೆ ಕವುಚಿ ಹಿಡಿದು ನನ್ನನ್ನು ಕೇಳಿದಳು:

“ಮುಚ್ಚಿ ಹೇಳವ್ವ, ಏನೈತಿ ಇದರಾಗ?”