‘ನಮ್ಮದು’ ಅಂದ್ರೆ ಯಾರದ್ದು?

ದೇವಕಿ ಮೇಡಂ ಆಫೀಸಿನಲ್ಲಿ ‘ನಾವು’ ಎನ್ನುವ ಹಾಗಿರಲಿಲ್ಲ. ಸುಳ್ಯದ ಕೋರ್ಟಿನ ಹತ್ತಿರ, ಮಹಡಿಯ ಮೇಲಿನ ಆ ಚಿಕ್ಕ ಕೋಣೆಗೆ ಬಂದ ಕಕ್ಷಿದಾರರು “ನಾವು ಬೇಲಿ ಕಿತ್ತದ್ದು ಹೌದು ಮೇಡಂ” ಎಂದರೆ ಸಾಕು, ವಕೀಲರ ಕನ್ನಡಕ ಹಣೆಗೇರುತ್ತಿತ್ತು. “ಕಿತ್ತದ್ದು ನೀವಾ, ನಿಮ್ಮ ತಮ್ಮನಾ, ಊರಿಡೀ ಬಂದು ಕಿತ್ತದ್ದಾ? ಹೆಸರು ಹೇಳಿ ಮಾರಾಯ್ರೆ. ಜೈಲಿಗೆ ‘ನಾವು’ ಅಂತ ಯಾರೂ ಹೋಗುದಿಲ್ಲ, ಒಬ್ಬೊಬ್ಬರೇ ಹೋಗುದು.”

ಜೂನಿಯರ್ ಆಗಿದ್ದ ನನಗೂ ರಿಯಾಯಿತಿ ಇರಲಿಲ್ಲ. “ನಾವು ಊಟಕ್ಕೆ ಹೋಗುವನಾ?” ಎಂದರೆ, “ಹಸಿವಾದದ್ದು ನಿನಗಾ, ನನಗಾ?” ಎನ್ನುವರು. ಎಂಥ ಕಿರಿಕಿರಿ ಹೆಂಗಸಪ್ಪ ಎಂದು ಮನಸ್ಸಿನಲ್ಲೇ ಎಷ್ಟೋ ಸಲ ಬೈದಿದ್ದೇನೆ. ಆದರೂ ಅವರಷ್ಟು ಇಷ್ಟವಾದ ಹಿರಿಯರು ನನಗೆ ಬೇರೆ ಇಲ್ಲ.

ಆ ಹಠ ಯಾಕೆಂದು ಗೊತ್ತಾದದ್ದು ಹಂಝನ ಕೇಸಿನಲ್ಲಿ. ಆಲೆಟ್ಟಿಯ ಹಂಝನಿಗೆ ಇದ್ದದ್ದು ಒಂದು ಪಿಕಪ್ ಗಾಡಿ. ಮನೆ ನಡೆಯುತ್ತಿದ್ದುದು ಅದರ ಬಾಡಿಗೆಯಲ್ಲೇ. ಚುನಾವಣೆಯ ಸಮಯ. ನೆರೆಮನೆಯ ಕುಶಾಲಪ್ಪ ಉದ್ದದ ಗೋಣಿಕಟ್ಟೊಂದನ್ನು ಹಿಂದೆ ಹಾಕಿ, “ಸ್ಪ್ರಿಂಕ್ಲರ್ ಪೈಪು. ಅರಂತೋಡಿಗೆ ಬಿಡು ಮಾರಾಯ” ಎಂದು ಮುಂದೆ ಕೂತರು. ದಾರಿಯಲ್ಲಿ ತಪಾಸಣೆ. ಕಟ್ಟು ಯಾರದ್ದೆಂದು ಪೊಲೀಸರು ಕೇಳಿದರು. ನಮ್ಮ ಕಡೆ ನೆರೆಯವರ ದನವೂ ನಮ್ಮದೇ, ಬಾವಿಯೂ ನಮ್ಮದೇ. ಹಂಝ ಹಿಂದೆಮುಂದೆ ನೋಡದೆ, “ನಮ್ಮದೇ ಸಾರ್” ಎಂದ. ಬಿಚ್ಚಿದರೆ ಒಳಗೆ ಹಂದಿ ಹೊಡೆಯುವ ಕೋವಿ, ಲೈಸೆನ್ಸ್ ಇಲ್ಲದ್ದು. ಇಬ್ಬರೂ ಸೇರಿ ಇಟ್ಟುಕೊಂಡದ್ದೆಂದು ಕೇಸಾಯಿತು. ಕುಶಾಲಪ್ಪ ಒಂದನೇ ಆರೋಪಿ, ಹಂಝ ಎರಡನೆಯವನು. ಶಿಕ್ಷೆಯಾದರೆ ಗಾಡಿ ಓಡಿಸಲು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

“ಗಾಡಿ ಓಡಿಸಿದ ಮಾತ್ರಕ್ಕೆ ಕೋವಿಗೆ ಪಾಲುದಾರ ಆಗುದಿಲ್ಲ” ಎಂದರು ಮೇಡಂ. “ಒಳಗೆ ಎಂತ ಉಂಟು ಅಂತ ಅವನಿಗೆ ಗೊತ್ತಿತ್ತಾ? ಅಷ್ಟೇ ಪ್ರಶ್ನೆ.”

ಪೊಲೀಸರೆದುರು ಹೇಳಿದ ಮಾತು ತಪ್ಪೊಪ್ಪಿಗೆಯಾಗಿ ನಿಲ್ಲುವುದಿಲ್ಲವಲ್ಲ, ಆಕ್ಷೇಪ ಎತ್ತಿದರೆ ಮುಗಿಯಿತು ಎಂದೆ ನಾನು.

“ನಿಲ್ಲುದಿಲ್ಲ, ಗೊತ್ತುಂಟು. ಆದ್ರೆ ಎಲ್ಲರ ಕಿವಿಗೆ ಬಿದ್ದಾಗಿದೆಯಲ್ಲ. ಅದನ್ನು ತೆಗೀಬೇಕು ಮಾರಾಯ್ತಿ.”

ಸಾಕ್ಷಿ ಹೇಳಲು ಬಂದ ಪೊಲೀಸರೊಬ್ಬರನ್ನು ಮೇಡಂ, “ಈಗ ನೀವು ಎಲ್ಲಿ ಕೆಲಸ ಮಾಡುದು?” ಎಂದು ಮೆತ್ತಗೆ ಕೇಳಿದರು.

“ಇಲ್ಲೇ ಮೇಡಂ, ನಮ್ಮ ಠಾಣೆಯಲ್ಲಿ.”

“ಠಾಣೆ ನಿಮ್ಮ ಹೆಸರಲ್ಲಿ ಉಂಟಾ?”

ನ್ಯಾಯಾಧೀಶರೂ ತಲೆ ತಗ್ಗಿಸಿ ನಕ್ಕರು. ನಗದೆ ಉಳಿದವರು ಕುಶಾಲಪ್ಪ ಒಬ್ಬರೇ. ಅದುವರೆಗೆ ಅವರು ತನಗೆ ಎಂತದೂ ಗೊತ್ತಿಲ್ಲವೆಂದೇ ಹೇಳಿಕೊಂಡು ಬಂದಿದ್ದರು. ಆರೋಪಿಗಳ ಹೇಳಿಕೆ ಕೇಳುವ ದಿನ ಮಾತ್ರ, ಅವರ ವಕೀಲರು ಕಣ್ಸನ್ನೆ ಮಾಡುತ್ತಿದ್ದರೂ, “ಕೋವಿ ನನ್ನದು ಸ್ವಾಮಿ. ಪೈಪು ಅಂತ ಹಂಝನಿಗೆ ಸುಳ್ಳು ಹೇಳಿದ್ದು ನಾನೇ” ಎಂದುಬಿಟ್ಟರು. ಮೇಡಂ ಕೋರ್ಟಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಂಝ ಖುಲಾಸೆಯಾದ. ಕುಶಾಲಪ್ಪರಿಗೆ ಶಿಕ್ಷೆಯಾಯಿತು.

ಮೇಡಂ ಹೋದ ವರ್ಷ ತೀರಿಕೊಂಡರು. ಅವರನ್ನು ಕೊನೆಯ ಸಲ ಕಂಡದ್ದು ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ. ಪುತ್ತೂರಿಗೆ ಹೊರಟವರನ್ನು ಬಸ್ಸು ಹತ್ತಿಸಲು ಹೋಗಿದ್ದೆ. ಹಂಝನ ಪಿಕಪ್ ಬಂದು ನಿಂತಿತು.

“ಹತ್ತಿ ಮೇಡಂ, ನಾನೂ ಪುತ್ತೂರಿಗೇ.”

“ಎಂತ ಲೋಡು ಹಂಝ?”

“ಕುಶಾಲಪ್ಪಣ್ಣನ ಅಡಿಕೆ. ಅವ್ರ ಹೆಂಡ್ತಿಗೆ ಪೇಟೆಗೆ ಹೋಗಿ ಮಾರಿ ಅಭ್ಯಾಸ ಇಲ್ಲ. ಅವ್ರು ಹೊರಗೆ ಬರುವವರೆಗೆ ನಾನೇ ಮಾರಿ ಕೊಡುದು.”

ಮೇಡಂ ಅವನನ್ನೇ ನೋಡಿದರು. “ನಿನಗೆ ಅವರ ಮೇಲೆ ಸಿಟ್ಟಿಲ್ಲವಾ?”

“ಉಂಟು ಮೇಡಂ. ಬಂದ ಮೇಲೆ ಸರೀ ಬೈಲಿಕ್ಕುಂಟು. ಅಲ್ಲಿವರೆಗೆ ಅಡಿಕೆ ಹಾಳಾಗ್ಬಾರ್ದಲ್ಲ.”