ಸಿಸ್ಟರ್‌ಗೆ ಉಡಿ ತುಂಬಿದ್ದು

ವಿಕ್ರೋಳಿ, ಜೂನ್ ೧೯೭೨

ಕನ್ನಡ ಸಂಘದ ಬೋರ್ಡಿನ ಮುಂದೆ ನಿಂತು ಇದನ್ನು ಓದುತ್ತಿರುವ ಗೆಳೆಯರೇ, ಇದು ಇವತ್ತು ಬೆಳಿಗ್ಗೆಯದೇ ಸುದ್ದಿ. ನಾಳೆ ಶಾಲೆ ಶುರು, ಹೊಸ ಮಕ್ಕಳ ತಂದೆತಾಯಿಯರನ್ನು ಕಾನ್ವೆಂಟಿಗೆ ಕರೆಸಿದ್ದರು. ಅಲ್ಲಿನ ಸಿಸ್ಟರ್ ಮಂಗಳೂರು ಕಡೆಯವರು. ಯೂನಿಫಾರ್ಮು, ರಿಬ್ಬನ್ನು, ಡಬ್ಬಿ ಎಲ್ಲವನ್ನೂ ನಮಗೆ ಕನ್ನಡದಲ್ಲೇ ತಿಳಿಸಿದರು. ನನ್ನ ಹೆಂಡತಿಯ ಕಣ್ಣು ಮಾತ್ರ ಅವರ ಬೆರಳಿನ ಉಂಗುರದ ಮೇಲಿತ್ತು.

"ನಿಮ್ಮ ಲಗ್ನ ಆಗೇತೇನ್ರಿ ಸಿಸ್ಟರ್?" ಎಂದೇಬಿಟ್ಟಳು.

ಮಗಳ ಸೀಟು ಹೋಯಿತೆಂದು ನಾನು ಬೆವತೆ. ಸಿಸ್ಟರ್ ಗೋಡೆಯ ಮೇಲಿನ ಶಿಲುಬೆ ತೋರಿಸಿ ನಕ್ಕರು. "ಹೌದಮ್ಮ, ಇವರೊಟ್ಟಿಗೆ."

ಮುತ್ತೈದೆ ಎಂದು ಖಾತ್ರಿಯಾದ ಮೇಲೆ ಕೇಳಬೇಕೆ? ಮಗಳ ಟೀಚರಿಗೆಂದು ತಂದಿದ್ದ ರೇಷನ್ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹೊರಬಂದವು. ಉಡಿ ತುಂಬಲು ಸಿಸ್ಟರ್‌ಗೆ ಸೆರಗೆಲ್ಲಿದೆ? ಅವರು ತಲೆಯ ಬಿಳಿವಸ್ತ್ರದ ತುದಿಯನ್ನೇ ಮುಂದಕ್ಕೆಳೆದು ಒಡ್ಡಿದರು.

"ಇನ್ನು ನಾವು ನೆಂಟರಲ್ವಾ? ಮಗಳನ್ನು ಧೈರ್ಯದಲ್ಲಿ ಕಳಿಸಿ" ಎಂದರು. ನಾನು ಕೈ ಮುಗಿದೆ.

ಬಸ್ಸಿನಲ್ಲಿ ಹೆಂಡತಿ ನಿಟ್ಟುಸಿರುಬಿಟ್ಟಳು. "ಗಂಡ ಅಷ್ಟು ದೊಡ್ಡಾಂವ. ಆ ಉಂಗುರ ಬಿಟ್ರ ಹೆಂಡತಿ ಮೈಮ್ಯಾಲ ಒಂದು ಗುಂಜಿ ಬಂಗಾರ ಇಲ್ಲ ನೋಡ್ರಿ. ಅವರಿಗಿಂತ ನೀವ ಪಾಡ!"

ಎಂಟು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಇದು. ಸಿಸ್ಟರ್‌ಗೂ ಋಣಿ, ಅವರ ಯಜಮಾನರಿಗೂ.