ಕೆಂಚನ ಕತ್ತಿನ ರಟ್ಟು

ನಾನು ಚಿಕ್ಕವನಿದ್ದಾಗ ಎಂದು ಶುರು ಮಾಡಿದರೆ ನೀವಿಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತೀರಿ. ಇಷ್ಟು ಕಪ್ಪು ಕೂದಲಿರುವ ತಾತ ಎಲ್ಲಾದರೂ ಇರುತ್ತಾನಾ ಎಂದು ಕೇಳುತ್ತೀರಿ. ಏನು ಮಾಡಲಿ, ನಿಮ್ಮ ಅಜ್ಜಿ ನನ್ನ ಸ್ವಂತ ಅಕ್ಕ. ಅವಳಿಗೆ ಗಂಡು ಹುಡುಕುತ್ತಿದ್ದಾಗ ನಾನಿನ್ನೂ ಚಡ್ಡಿ ಹಾಕಿಕೊಂಡು ಗೋಲಿ ಆಡುತ್ತಿದ್ದೆ. ಅಕ್ಕನ ಮೊಮ್ಮಕ್ಕಳಿಗೆ ನಾನು ತಾತನೇ ಆಗಬೇಕಲ್ಲ! ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ನಗುವಂಥದ್ದು ಹೆಚ್ಚಿಲ್ಲ.

ಬಿಳಿಕೆರೆ ದಾಟಿ ಹುಣಸೂರಿನ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ಆಗ ಎಲ್ಲರ ಹೊಲದಲ್ಲೂ ಹೊಗೆಸೊಪ್ಪು. ಗೂಡಿನ ಶಾಖದಲ್ಲಿ ಬೇಯಿಸಿ ಒಣಗಿಸಿದ ಸೊಪ್ಪನ್ನು ಮನೆಯೊಳಗೇ ರಾಶಿ ಹಾಕಿಕೊಂಡು, ಬಣ್ಣ ನೋಡಿ ಬೇರೆ ಮಾಡಿ, ಕಟ್ಟು ಕಟ್ಟುತ್ತಿದ್ದೆವು. ಆ ದಿನಗಳಲ್ಲಿ ಹೊದ್ದ ಕಂಬಳಿಗೂ ಅದೇ ವಾಸನೆ, ಉಣ್ಣುವ ಮುದ್ದೆಗೂ ಅದೇ ವಾಸನೆ. ಸೀನಿ ಸೀನಿ ನನ್ನ ಮೂಗು ಕೆಂಪಾಗಿರುತ್ತಿತ್ತು. ಆ ಸೊಪ್ಪಿನ ರಾಶಿಯ ಪಕ್ಕದಲ್ಲಿ, ಅಕ್ಕನ ಮಡಿಲಲ್ಲಿ, ನಮ್ಮ ಕೆಂಚ ಮಲಗಿರುತ್ತಿದ್ದ. ಇಲಿ ಕಾಟಕ್ಕೆಂದು ತಂದ ಬೆಕ್ಕು ಅದು. ಇಲಿ ಹಿಡಿದದ್ದನ್ನು ನಾನಂತೂ ನೋಡಲಿಲ್ಲ. ಅಕ್ಕನ ಜಡೆ ಹಿಡಿದು ಆಡುವುದರಲ್ಲೇ ಅವನಿಗೆ ಹೊತ್ತು ಹೋಗುತ್ತಿತ್ತು.

ಆ ವರ್ಷ ಕೆಂಚನ ಕಿವಿಯ ಹಿಂದೆ, ಮುಂಗಾಲಿನ ಮೇಲೆ ದುಂಡುದುಂಡಾಗಿ ಕೂದಲು ಉದುರಿತು. ಅಲ್ಲೆಲ್ಲ ಬಿಳಿ ಹೊಟ್ಟು. ಸ್ವಲ್ಪ ದಿನಕ್ಕೆ ಅಕ್ಕನ ತೋಳಿನ ಮೇಲೂ ಬಳೆಯಷ್ಟು ದುಂಡಗೆ ಕೆಂಪು ಗೆರೆ ಎದ್ದಿತು. ಹುಳುಕಡ್ಡಿ. ಅಪ್ಪ ಹುಣಸೂರಿನ ದನದ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕೇಳಿ ಒಂದು ಮುಲಾಮು ತಂದರು. ಹಚ್ಚಿದ ಮೇಲೆ ಬೆಕ್ಕು ಅದನ್ನು ನೆಕ್ಕಬಾರದು, ಕತ್ತಿಗೆ ಅಗಲವಾದ ರಟ್ಟು ಕಟ್ಟಿ. ಕೂದಲು ಬಂತೆಂದು ನಡುವೆ ನಿಲ್ಲಿಸಬೇಡಿ. ಇದು ಬೇಗ ಹೋಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

ಅಪ್ಪ ಬಿಸ್ಕತ್ತಿನ ಡಬ್ಬದ ರಟ್ಟನ್ನು ಕತ್ತರಿಸಿ ಕೆಂಚನ ಕತ್ತಿಗೆ ಕಟ್ಟಿದರು. ಅಯ್ಯೋ, ಅವನ ಪಾಡು! ಹಿಂದುಹಿಂದಕ್ಕೆ ನಡೆದು ಒರಳಿಗೆ ಡಿಕ್ಕಿ ಹೊಡೆದ. ಹಾಲಿನ ತಟ್ಟೆಗೆ ಬಾಯಿ ಎಟುಕದೆ ಕೂಗಿದ. ಅಕ್ಕನಿಗೆ ತಡೆಯಲಾಗುತ್ತಿರಲಿಲ್ಲ. ಅಪ್ಪ ಹೊಲಕ್ಕೆ ಹೊರಟ ಕೂಡಲೇ ರಟ್ಟು ಬಿಚ್ಚುತ್ತಿದ್ದಳು, ಅವರು ಬರುವ ಹೊತ್ತಿಗೆ ಮತ್ತೆ ಕಟ್ಟುತ್ತಿದ್ದಳು. ಹಚ್ಚಿದ ಮುಲಾಮೆಲ್ಲ ಕೆಂಚನ ನಾಲಿಗೆಗೇ ಹೋಯಿತು. ಕಾಯಿಲೆ ಇದ್ದಲ್ಲೇ ಇತ್ತು.

ಇಷ್ಟರಲ್ಲಿ ಕೆ.ಆರ್. ನಗರದ ಕಡೆಯಿಂದ ಅಕ್ಕನನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅವರು ಬರುವ ಹಿಂದಿನ ದಿನ ಬೆಳಗ್ಗೆ ಅಮ್ಮ ಪಾತ್ರೆ ತೊಳೆಯುತ್ತಲೇ ರೇಗಿದರು.

"ತೋಳ್ನಾಗೆ ಉಳುಕಡ್ಡಿ ಇಟ್ಕಂಡು ಅದೆಂಗೆ ಕಾಫಿ ಕೊಟ್ಟೀಯೆ? ನೋಡ್ದೋರು ಏನಂದಾರು? ರೀ, ಆ ಬೆಕ್ಕ ಚೀಲಕ್ಕಾಕ್ಕೊಂಡೋಗಿ ಒಳೆಯಾಚೆ ಬುಟ್ಬುಟ್ಟು ಬನ್ನಿ!"

ಅಕ್ಕ ಕೆಂಚನನ್ನು ಎದೆಗೆ ಅವಚಿಕೊಂಡು ಅಳತೊಡಗಿದಳು. ಅಪ್ಪನಿಗೆ ಮಗಳ ಕಣ್ಣೀರು ಕಂಡರೆ ಆಗುತ್ತಿರಲಿಲ್ಲ.

"ಸುಮ್ಕಿರೇ, ಮೂಕ್‌ಪ್ರಾಣಿ. ಇವತ್ತೇ ವಾಸಿ ಮಾಡ್ತೀನಿ, ಬುಡು," ಎಂದರು.

ನಮ್ಮ ಕಡೆ ಎಮ್ಮೆಗೆ ಹೇನಾದರೆ ಹೊಗೆಸೊಪ್ಪು ನೆನೆಸಿದ ನೀರು ಹಚ್ಚುವುದು ರೂಢಿ. ಹೇನಿಗೆ ಆಗುವುದು ಹುಳುಕಡ್ಡಿಗೂ ಆಗಬೇಕು ಎಂದು ಅಪ್ಪನ ಲೆಕ್ಕ. ಒಡೆದು ಪುಡಿಯಾದ ಸೊಪ್ಪನ್ನು ಗೋರಿಕೊಂಡು ಕುದಿಸಿದರು. ಚಹಾದಂಥ ಕಪ್ಪು ನೀರು, ಮೂಗಿಗೆ ರಾಚುವ ಘಾಟು. ಆರಿದ ಮೇಲೆ ಬಟ್ಟೆಯಲ್ಲಿ ಅದ್ದಿ ಕೆಂಚನ ಕಿವಿ, ಕಾಲು, ಹೊಟ್ಟೆಗೆಲ್ಲ ಧಾರಾಳವಾಗಿ ಹಚ್ಚಿದರು. ರಟ್ಟು ಕಟ್ಟಿ, "ಒಣಗಗಂಟ ತಗೀಬ್ಯಾಡ ಕಣವ್ವ" ಎಂದು ಅಕ್ಕನಿಗೆ ಹೇಳಿ ಹೊಲಕ್ಕೆ ಹೋದರು.

ಕೆಂಚ ನೆಲದ ಮೇಲೆ ಉರುಳಾಡಿದ. ಮಗುವಿನಂತೆ ಕೂಗಿದ. ಅಕ್ಕ ಎರಡು ಸಲ ಹತ್ತಿರ ಹೋಗಿ ಹಿಂದೆ ಬಂದಳು. ಆಮೇಲೆ ದಿನದಂತೆ ಬಿಚ್ಚಿಬಿಟ್ಟಳು. ಕೆಂಚ ಅಂಗಳದ ಬಿಸಿಲಲ್ಲಿ ಕುಳಿತು, ಒಂದು ಕಡೆಯೂ ಬಿಡದೆ ಮೈಯನ್ನೆಲ್ಲ ನೆಕ್ಕಿಕೊಂಡ. ಅಕ್ಕನಿಗೆ ಸಮಾಧಾನವಾಯಿತು.

ಸ್ವಲ್ಪ ಹೊತ್ತಿಗೆ ಅವನ ಬಾಯಲ್ಲಿ ನೊರೆ ಬಂತು. ವಾಂತಿ ಮಾಡಿಕೊಂಡ. ಎದ್ದು ನಿಲ್ಲಲು ಹೋದರೆ ಕಾಲು ನಡುಗಿ ಬಿದ್ದ. ಅಕ್ಕ ಕಿರುಚಿದ್ದು ಹೊಲದವರೆಗೂ ಕೇಳಿಸಿರಬೇಕು, ಅಪ್ಪ ಓಡಿಬಂದರು. ಬುಟ್ಟಿಯಲ್ಲಿ ಟವೆಲು ಹಾಸಿ ಅವನನ್ನು ಮಲಗಿಸಿಕೊಂಡು ರಸ್ತೆಗೆ ಓಡಿದರು, ಹಿಂದೆ ನಾನೂ ಅಕ್ಕನೂ. ಹುಣಸೂರಿನ ಬಸ್ಸು ಬಂತು. ಕಂಡಕ್ಟರ್ ಬಾಗಿಲು ತೆಗೆದು, "ಅತ್ತಿ, ಬ್ಯಾಗ ಅತ್ತಿ" ಎಂದ. ಅಪ್ಪ ಹತ್ತಲಿಲ್ಲ. ಬುಟ್ಟಿಯನ್ನೇ ನೋಡುತ್ತಾ ನಿಂತರು. ಬಸ್ಸು ಹೋಯಿತು.

"ನಾನೇ ಕಣಪ್ಪ ತಗ್ದಿದ್ದು," ಎಂದಳು ಅಕ್ಕ.

"ಇಲ್ಲ ಕಣವ್ವ. ಸೊಪ್ಪು ಕುದ್ಸಿದ್ದು ನಾನು. ಇಸ ಅನ್ನಾದೇ ನಂಗೊಳೀಲಿಲ್ಲ," ಎಂದರು ಅಪ್ಪ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹುಣಸೆಮರದ ಬುಡದಲ್ಲಿ ಕೆಂಚನನ್ನು ಮಣ್ಣು ಮಾಡಿ ಬಂದೆವು.

ಮಾರನೆಯ ದಿನ ಗಂಡಿನ ಕಡೆಯವರು ಬಂದರು. ಅಕ್ಕ ಉದ್ದ ತೋಳಿನ ರವಿಕೆ ತೊಟ್ಟಿದ್ದಳು. ಕಾಫಿ ಕೊಡುವಾಗ ತೋಳು ಮೇಲಕ್ಕೆ ಸರಿದು ಕಲೆ ಕಂಡೇಬಿಟ್ಟಿತು. ಅಮ್ಮನ ಮುಖ ಬಿಳಿಚಿಕೊಂಡಿತು. ಹುಡುಗನ ತಾಯಿ ಅಕ್ಕನ ಕೈ ಹಿಡಿದು ನೋಡಿ ನಕ್ಕರು.

"ಉಳುಕಡ್ಡಿ ತಾನೇ? ನಿಮ್ಮನೇಲೂ ಬೆಕ್ಕದಾ? ನಮ್ಮುಡ್ಗಂಗೂ ಓದ್ವರ್ಸ ಆಗಿತ್ತು, ಮುಲಾಮ್ ಅಚ್ಚುದ್ವು, ಓಯ್ತು. ಅದಕ್ಯಾಕವ್ವ ಮುಚ್ಕತೀಯೆ?"

ಅಕ್ಕ ಲೋಟದ ತಟ್ಟೆ ಕೆಳಗಿಟ್ಟು ಬಿಕ್ಕಿಬಿಕ್ಕಿ ಅತ್ತಳು. ತವರು ಬಿಡಬೇಕಲ್ಲ ಎಂದು ಅಳುತ್ತಾಳೆ, ಪಾಪ, ಎಂದುಕೊಂಡರು ಬಂದವರು. ಅಪ್ಪ ಎದ್ದು ಹಿತ್ತಲಿಗೆ ಹೋದರು. ಆ ಹುಡುಗನೇ ನಿಮ್ಮ ಅಜ್ಜ. ಅಪ್ಪ ಎಷ್ಟೋ ವರ್ಷ ಒಂದೇ ಮಾತು ಹೇಳುತ್ತಿದ್ದರು: ಒಂದು ದಿನ ತಾಳಿದ್ದರೆ ಸಾಕಿತ್ತು.

ಈಗ ನಿಮ್ಮ ಬೆಕ್ಕಿಗೂ ಅದೇ ಕಾಯಿಲೆ. ಆದರೆ ನಿಮ್ಮ ಕಾಲವೇ ಬೇರೆ ಮಕ್ಕಳೇ. ಡಾಕ್ಟರು ಬೆಕ್ಕನ್ನು ತಕ್ಕಡಿಯಲ್ಲಿ ಕೂರಿಸಿ, ತೂಕ ನೋಡಿ ಔಷಧಿ ಕೊಟ್ಟಿದ್ದಾರೆ. ಕತ್ತಿಗೆ ಹಾಕಲು ಅಂಗಡಿಯಲ್ಲೇ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ. ಅನುಮಾನ ಬಂದರೆ ಫೋನು ಮಾಡಿ ಕೇಳಬಹುದು. ಅಜ್ಜಿ ಅದಕ್ಕೆ ಹೊಟ್ಟೆಗೆ ಹಾಕಿ, ಔಷಧಿ ಕುಡಿಸಿ, ಸೋಪಿನಲ್ಲಿ ಕೈ ತೊಳೆದು ಬರುತ್ತಾಳೆ. ನಿನ್ನೆ ನೀವು, ಕೂದಲು ಬಂದಿದೆ, ಪಟ್ಟಿ ಬಿಚ್ಚು ಎಂದು ಹಟ ಹಿಡಿದಿರಿ. ಅವಳು ಒಪ್ಪಲಿಲ್ಲ. ಅಜ್ಜಿಗೆ ಒಂಚೂರೂ ಕನಿಕರ ಇಲ್ಲ ಎಂದು ಮುನಿಸಿಕೊಂಡು ಊಟ ಬಿಟ್ಟು ಮಲಗಿದಿರಿ.

ಕನಿಕರಕ್ಕೇ ಅವಳು ಅವತ್ತು ರಟ್ಟು ಬಿಚ್ಚಿದ್ದು. ಅದಾದ ಮೇಲೆ ನಿಮ್ಮ ಬೆಕ್ಕು ಬರುವವರೆಗೂ ಅಕ್ಕ ಯಾವ ಬೆಕ್ಕನ್ನೂ ಮಡಿಲಿಗೆ ಹತ್ತಿಸಿರಲಿಲ್ಲ. ಡಾಕ್ಟರು ಸಾಕು ಎನ್ನುವವರೆಗೆ ಆ ಪಟ್ಟಿ ಹಾಗೇ ಇರಲಿ. ಈಗ ಎದ್ದು ಒಳಗೆ ಹೋಗಿ, ಔಷಧಿ ಕುಡಿಸುವ ಹೊತ್ತಾಯಿತು. ಬೆಕ್ಕಿನ ಕಾಲು ಹಿಡಿದುಕೊಳ್ಳಿ, ಅಜ್ಜಿ ಒಬ್ಬಳಿಗೇ ಕಷ್ಟ.